ಹೊಗೆ ತಪಾಸಣೆ: ಅಂಕಿಗೆ ಸಿಗದ ಕಾಯಿಲೆ

ಸಿರುಗುಪ್ಪದಿಂದ ಬಳ್ಳಾರಿಗೆ ಭತ್ತ ಹೇರಿಕೊಂಡು ಬರುವ ಹಳೆಯ ಲಾರಿಯ ಹೊಗೆಯನ್ನು ನೀವೂ ಕುಡಿದಿರಬಹುದು. ಅಂಥ ಲಾರಿಯ ಬಳಿಯೂ ಹೊಗೆ ತಪಾಸಣೆಯ ಪ್ರಮಾಣಪತ್ರ ಇರಬಹುದು. ಇದು ಹೇಗೆ ಸಾಧ್ಯ?

ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಲ್ಲಿ ಹೊಗೆಯ ಬೆಳಕು ಹೀರುವ ಗುಣಾಂಕ ಮೀಟರಿಗೆ 2.45 ಮೀರಬಾರದು. ಅಂದರೆ 43 ಸೆಂ.ಮೀ. ದಪ್ಪದ ಹೊಗೆಯು ಬೆಳಕಿನ ಸುಮಾರು ಶೇ. 65 ಭಾಗವನ್ನು ತಡೆದರೂ ವಾಹನ ಉತ್ತೀರ್ಣ! ಮಿತಿಯ ಸಡಿಲತೆ ಹಾಗಿರಲಿ, ಪರೀಕ್ಷೆಯ ಕ್ರಮದಲ್ಲೇ ಕೊರತೆಯಿದೆ. ನಿಂತ ವಾಹನದ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿ ಅಳೆಯುವುದರಿಂದ ಹೊರೆ ಎಳೆಯುವಾಗಿನ ಹೊಗೆ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದಾಗಿ, ಈ ಮಾಪಕಕ್ಕೆ ಬಣ್ಣ ತಿಳಿಯದು. ಮೆಕ್ಯಾನಿಕ್ ಮೊದಲು ನೋಡುವುದೇ ಬಣ್ಣವನ್ನು. ಕಪ್ಪಾದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ಕುರುಗೋಡಿನ ಕಡೆ ಧೂಳಿನಲ್ಲಿ ಓಡಿದ ವಾಹನವಾದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ; ಪಿಸ್ಟನ್ ರಿಂಗ್ ಸವೆದಿರಬಹುದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನ್ನು ಸಂಶಯಿಸಬೇಕು.

ಪ್ರಮಾಣಪತ್ರದಲ್ಲಿ ಅಂಕಿಯ ಜೊತೆಗೆ ಬಣ್ಣಕ್ಕೂ ಒಂದು ಸಾಲು ಇರಲಿ. ಆಗ ಫಿಲ್ಟರಿನಲ್ಲೇ ಮುಗಿಯುವ ದುರಸ್ತಿ ಎಂಜಿನ್ ಬಿಚ್ಚುವವರೆಗೆ ಬೆಳೆಯದು.