ಟೀಚರಮ್ಮನ ಉರ್ದು, ಮಗುವಿನ ಮೌನ

2024ರ ಸೆಪ್ಟೆಂಬರಿನಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಂಗನವಾಡಿಗಳು ರಾಜ್ಯಮಟ್ಟದ ಸುದ್ದಿಯಾದವು. ಅಲ್ಪಸಂಖ್ಯಾತರು ಶೇ. 25ಕ್ಕಿಂತ ಹೆಚ್ಚಿರುವ ಕಡೆ ಕಾರ್ಯಕರ್ತೆಗೆ ಉರ್ದು ಬರಬೇಕೆಂಬ ನೇಮಕಾತಿಯ ಷರತ್ತು ಮೂಡಿಗೆರೆಯಲ್ಲಿ ವಿವಾದವಾಯಿತು. ಕನ್ನಡಕ್ಕೆ ಕುತ್ತು ಬಂತೆಂದು ಕೆಲವರು ಕೂಗಿದರು. ಉರ್ದುವಿನ ಮಾನ ಉಳಿಯಿತೆಂದು ನಮ್ಮಲ್ಲಿ ಕೆಲವರು ಹಿಗ್ಗಿದರು. ಮೂರು ವರ್ಷದ ಮಗುವಿಗೆ ಏನು ಬೇಕೆಂದು ಕೇಳಿದವರು ಕಡಿಮೆ.

ಮನೆಯಲ್ಲಿ ‘ಪಾನಿ ಹೋನಾ’ ಎನ್ನುವ ಮಗು ಅಂಗನವಾಡಿಯಲ್ಲಿ ನೀರು ಕೇಳಲಾರದೆ ಸುಮ್ಮನೆ ಕೂರುತ್ತದೆ. ಎರಡೂ ಭಾಷೆಗಳಲ್ಲಿ ಕಲಿತ ನಾವು ಬಲ್ಲೆವು: ಆ ವಯಸ್ಸಿಗೆ ಉರ್ದು ಪಾಠ ಬೇಕಿಲ್ಲ, ತನ್ನ ಮಾತು ಅರ್ಥವಾಗುವ ಒಬ್ಬ ತಾಯಿ ಬೇಕು. ಆಕೆಯ ಕೈ ಹಿಡಿದೇ ಮಗು ಕನ್ನಡಕ್ಕೆ ನಡೆದು ಬರುತ್ತದೆ. ತರೀಕೆರೆ ಸೀಮೆಯ ತಾಂಡಾಗಳ ಲಂಬಾಣಿ ಮಗುವಿಗೂ ಇದೇ ಮಾತು ಸಲ್ಲುತ್ತದೆ. ಅದರ ಪರವಾಗಿ ನಾವೇಕೆ ಬಾಯಿ ಬಿಡಲಿಲ್ಲ?

ಭಾಷೆಗಿಂತ ದೊಡ್ಡ ಗೋಡೆ ಇನ್ನೊಂದಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಟಿ. ನರಸೀಪುರವೇ ಅದರ ಮೊದಲ ನೆಲ. ಅರ್ಧ ಶತಮಾನ ಕಳೆದರೂ ಆರರೊಳಗಿನ ಮಗುವಿನ ಕಲಿಕೆ ಹಕ್ಕಾಗಿಲ್ಲ. 2002ರ 86ನೇ ತಿದ್ದುಪಡಿ ಅದನ್ನು ಸರ್ಕಾರ ‘ಪ್ರಯತ್ನಿಸಬೇಕಾದ’ ಕೆಲಸಗಳ ಸಾಲಿಗೆ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗಷ್ಟೇ ಹಕ್ಕು ಕೊಟ್ಟಿತು. ಆದರೂ ಅದೇ ಕಾಯ್ದೆಯ ಶೇ. 25ರ ಮೀಸಲು, ಖಾಸಗಿ ಶಾಲೆಗಳ ಎಲ್.ಕೆ.ಜಿ.ಗೂ ಬಡವರ ಮಗುವಿಗೆ ಬಾಗಿಲು ತೆರೆದಿತ್ತು. ಸುತ್ತಮುತ್ತ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಸೀಟಿಲ್ಲ ಎಂದು 2019ರಲ್ಲಿ ನಮ್ಮ ರಾಜ್ಯ ನಿಯಮ ಬದಲಿಸಿತು. ಆ ಸರ್ಕಾರಿ ಶಾಲೆಯಲ್ಲಿ ಎಲ್.ಕೆ.ಜಿ. ಇದೆಯೇ ಎಂದು ನಿಯಮ ಕೇಳಲಿಲ್ಲ.

ಪರಿಣಾಮ ಕಣ್ಣೆದುರಿಗಿದೆ. ಕಡೂರಿನಲ್ಲಿ ಹಣವುಳ್ಳವರ ಮಗು ಬೆಳಿಗ್ಗೆ ಸ್ಕೂಲ್ ವ್ಯಾನ್ ಹತ್ತುತ್ತದೆ. ತರೀಕೆರೆಯಿಂದ ಬೇರೆಯಾಗಿ ತಾಲೂಕಾದ ಅಜ್ಜಂಪುರದಲ್ಲಿ ಈರುಳ್ಳಿ ಕೀಳಲು ಹೋಗುವ ತಾಯಿ, ಅಂಗನವಾಡಿ ತೆರೆಯುವ ಮುನ್ನವೇ ಹೊಲ ಸೇರಿರುತ್ತಾಳೆ. ಮಗು ಬದುವಿನ ಮೇಲೆ ಕೂತಿರುತ್ತದೆ. ಇಬ್ಬರೂ ಆರು ತುಂಬಿದಾಗ ಒಂದನೇ ತರಗತಿಗೆ ಬರುತ್ತಾರೆ, ಆದರೆ ಒಂದೇ ಕಡೆಯಿಂದ ಹೊರಟವರಲ್ಲ. ಇದೇ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವಿದೆ. ಟಿಪ್ಪು ಹೆಸರಿಟ್ಟ ಆ ರಾಸುಗಳಿಗೆಂದು ಅರಸರು ಕಾವಲು ನೆಲ ಮೀಸಲಿಟ್ಟಿದ್ದರು. ಕರುವಿಗೆ ಮೇವಿನ ನೆಲ ಬೇಕೆಂದು ಅರಿತಿದ್ದ ನಾಡಿಗೆ ಕೂಲಿಯವಳ ಕೂಸಿಗೂ ನೆಲೆ ಬೇಕೆಂಬುದು ಹೊಳೆಯದೆ?

ಸರ್ಕಾರವನ್ನಷ್ಟೇ ದೂರಿ ಪಾರಾಗುವಂತಿಲ್ಲ. ‘ಇಕ್ರಾ’ ಎಂದು ಭಾಷಣ ಆರಂಭಿಸುವ ನಾವು ಶಾದಿ ಮಹಲ್‌ಗಳಿಗೆ ಚಂದಾ ಎತ್ತುತ್ತೇವೆ. ಮೊಹಲ್ಲಾದ ಅಂಗನವಾಡಿಯ ಸೂರು ಸೋರುತ್ತಿದೆಯೇ ಎಂದು ನೋಡುವುದಿಲ್ಲ. ನಮ್ಮ ಮಕ್ಕಳನ್ನು ಇಂಗ್ಲಿಷ್ ನರ್ಸರಿಗೆ ಸೇರಿಸಿ, ಪಕ್ಕದ ಮನೆಯ ಕೂಲಿಯವನ ಮಗುವಿಗಾಗಿ ಉರ್ದು ಉಳಿಸುವ ಮಾತಾಡುತ್ತೇವೆ. ಕತೆ ಬರೆಯುವ ನಾವೂ ಈ ತಪ್ಪಿತಸ್ಥರಲ್ಲಿ ಸೇರಿದವರೇ.

ಆರರೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಬಡಾವಣೆ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲೇ ಆದೇಶಿಸಿದೆ. ಮುಂದಿನ ಜುಮಾದ ನಮಾಜು ಮುಗಿಸಿದ ಮೇಲೆ ಪ್ರತಿ ಜಮಾಅತ್ ತನ್ನ ಮೊಹಲ್ಲಾದ ಮಕ್ಕಳನ್ನು ಎಣಿಸಲಿ. ಎಣಿಸುವಾಗ ಪಕ್ಕದ ಕೇರಿಯ ಮಕ್ಕಳನ್ನೂ ಬಿಡದಿರಲಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯೋಣ.