ದಿನಕ್ಕೊಂದು ರೀಲು: ಆಂಡಿ ವಾರ್ಹೋಲ್ ಕಂಡ ನಗರ

ಕ್ಯಾಮೆರಾಕ್ಕೆ ರೀಲು ಹಾಕಿಸುತ್ತಿದ್ದ ಕಾಲವನ್ನು ಬಲ್ಲವರಿಗೆ 36 ಎಂಬ ಸಂಖ್ಯೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಮದುವೆ, ಮಗುವಿನ ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ ಇವಿಷ್ಟಕ್ಕೆ ರೀಲು ಮೀಸಲು. ನಾಲ್ಕು ಚಿತ್ರ ಉಳಿದುಬಿಟ್ಟರೆ ಕ್ಯಾಮೆರಾ ಮತ್ತೆ ಬೀರು ಸೇರಿ, ಊರಹಬ್ಬ ಬರುವವರೆಗೆ ಅಲ್ಲೇ ಕಾಯುತ್ತಿತ್ತು. ಫೋಟೋ ತೊಳೆಸಿ ತಂದ ದಿನ ಕಣ್ಣು ಮುಚ್ಚಿದ ಅಜ್ಜಿಯನ್ನೋ, ತಲೆ ಕತ್ತರಿಸಿಹೋದ ಚಿಕ್ಕಪ್ಪನನ್ನೋ ನೋಡಿ ನಕ್ಕಿದ್ದೂ ಉಂಟು, ಹಣ ಹಾಳಾಯಿತೆಂದು ಕೊರಗಿದ್ದೂ ಉಂಟು.

ಆ ಕಾಲದಲ್ಲೇ ನ್ಯೂಯಾರ್ಕ್ ನಗರದಲ್ಲಿ ಒಬ್ಬಾತ ಹೆಚ್ಚುಕಡಿಮೆ ದಿನಕ್ಕೊಂದು ರೀಲು ಮುಗಿಸುತ್ತಿದ್ದ. ಒಂದೆರಡು ವಾರವಲ್ಲ, 1976ರಿಂದ 1987ರವರೆಗೆ, ಸಾಯುವವರೆಗೂ. ಆತ ವೃತ್ತಿಯಿಂದ ಛಾಯಾಗ್ರಾಹಕನಲ್ಲ. 1962ರಲ್ಲಿ ಸೂಪಿನ ಡಬ್ಬಿಗಳನ್ನು ಸಾಲಾಗಿ ಚಿತ್ರಿಸಿ, ಆಮೇಲೆ ಚಿತ್ರನಟಿ ಮರ್ಲಿನ್ ಮನ್ರೋಳ ಮುಖವನ್ನು ಹತ್ತಾರು ಸಲ ಅಚ್ಚೊತ್ತಿ ಲೋಕವನ್ನು ಬೆರಗುಗೊಳಿಸಿದ ಕಲಾವಿದ ಆಂಡಿ ವಾರ್ಹೋಲ್. ಡಬ್ಬಿಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಜೇಬಿನಲ್ಲಿ ಹಿಡಿಸುವ ಮೀನಾಕ್ಸ್ ಕ್ಯಾಮೆರಾದಿಂದ ಆತ ತೆಗೆದ ಕಪ್ಪುಬಿಳುಪು ಚಿತ್ರಗಳ ರಾಶಿ ಬಹುಪಾಲು ಬೆಳಕಿಗೆ ಬಂದದ್ದು ತೀರಾ ಈಚೆಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಟರ್ ಕಲಾಕೇಂದ್ರ 2014ರಲ್ಲಿ ಇವುಗಳನ್ನು ಪಡೆಯಿತು. 2018ರಲ್ಲಿ ಪ್ರದರ್ಶನವಾಯಿತು, ಅದರೊಡನೆ ಚಿತ್ರಗಳೆಲ್ಲ ಅಂತರ್ಜಾಲಕ್ಕೂ ಬಂದವು. ಒಟ್ಟು 3,600 ಕಾಂಟ್ಯಾಕ್ಟ್ ಶೀಟುಗಳು, ಸುಮಾರು 1,30,000 ಚಿತ್ರಗಳು. ಇವುಗಳಲ್ಲಿ ಆತ ದೊಡ್ಡದು ಮಾಡಿ ಮುದ್ರಿಸಿಕೊಂಡದ್ದು ಸಣ್ಣ ಪಾಲು ಮಾತ್ರ.

ಕಾಂಟ್ಯಾಕ್ಟ್ ಶೀಟ್ ಎಂದರೆ ಏನೆಂದು ಕಿರಿಯ ಓದುಗರಿಗೆ ಹೇಳಬೇಕಾದೀತು. ತೊಳೆದ ರೀಲನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಒಂದೇ ಕಾಗದದ ಮೇಲಿಟ್ಟು ಬೆಳಕು ಹಾಯಿಸಿದರೆ, ಇಡೀ ರೀಲು ಅಂಚೆಚೀಟಿಯ ಗಾತ್ರದ ಚಿತ್ರಗಳಾಗಿ ಒಂದೇ ಹಾಳೆಯಲ್ಲಿ ಮೂಡುತ್ತದೆ. ಅದನ್ನು ನೋಡಿ, ಬೇಕಾದ ಚಿತ್ರಕ್ಕೆ ಗುರುತು ಹಾಕಿ, ಅದೊಂದನ್ನೇ ದೊಡ್ಡದು ಮಾಡಿಸುವುದು ಪದ್ಧತಿ. ನಾವು ಸಾಮಾನ್ಯವಾಗಿ ಕಾಣುವುದು ಆರಿಸಿದ್ದನ್ನು. ಇಲ್ಲಿ ಮಾತ್ರ ಆರಿಸದೆ ಬಿಟ್ಟದ್ದೂ ನಮ್ಮೆದುರಿಗಿದೆ. ಕೃಷಿಕನ ಕಣದಲ್ಲಿ ನಿಂತು ಕಾಳನ್ನೂ ಹೊಟ್ಟನ್ನೂ ಒಟ್ಟಿಗೆ ನೋಡಿದಂತೆ.

ಈ ಹಾಳೆಗಳಲ್ಲಿ ಏನಿದೆ? ನಗರದ ದಿನಚರಿಯಿದೆ. ಆತ ನಡೆದು ಹೋದ ಬೀದಿ, ಅಂಗಡಿಯ ಗಾಜಿನ ಹಿಂದೆ ನಿಂತ ಬೊಂಬೆ, ಕಾಲುದಾರಿಯ ಮೇಲೆ ಒಟ್ಟಿದ ಕಸದ ಚೀಲ, ಕುರ್ಚಿ, ಫಲಕ, ಊಟ ಮುಗಿದ ಮೇಜು. ಮುಂದಿನ ಸಾಲಿನಲ್ಲಿ ಹಾಡುಗಾರರು, ನಟಿಯರು, ಹಣವಂತರು. ಅದರ ಪಕ್ಕದಲ್ಲೇ ಆತನ ಮುದ್ದಿನ ನಾಯಿ. ಹಾಳೆಯ ಮೇಲೆ ಇವರೆಲ್ಲರಿಗೂ ಸಿಕ್ಕಿರುವ ಜಾಗ ಒಂದೇ ಅಳತೆಯದು. ಖ್ಯಾತ ಗಾಯಕಿಗೂ ಕಸದ ಚೀಲಕ್ಕೂ ಅಂಚೆಚೀಟಿಯಷ್ಟೇ ಸ್ಥಳ! ಎಲ್ಲವೂ ಮನೆಮಂದಿ ಕುಳಿತು ನೋಡುವಂಥ ಚಿತ್ರಗಳಲ್ಲವೆಂಬುದನ್ನೂ ಹೇಳಿಬಿಡಬೇಕು. ಆತನ ಬದುಕಿನ ಹಲವು ಮುಖಗಳು ಅಲ್ಲಿ ಮುಚ್ಚುಮರೆಯಿಲ್ಲದೆ ಇವೆ.

ಔತಣಕೂಟಗಳ ಚಿತ್ರಗಳು ನನಗೆ ರುಚಿಸಲಿಲ್ಲ. 1979ರಲ್ಲಿ 'ಎಕ್ಸ್‌ಪೋಷರ್ಸ್' ಎಂಬ ಹೆಸರಿನಿಂದ ಆತ ಪ್ರಕಟಿಸಿದ ಪುಸ್ತಕದ ತುಂಬ ಇಂಥವೇ. ಫ್ಲಾಷಿನ ಬೆಳಕು ಮುಖಕ್ಕೆ ಹೊಡೆದಿದೆ. ನಗುವವರು ಕ್ಯಾಮೆರಾಕ್ಕಾಗಿ ನಗುತ್ತಿದ್ದಾರೆ. ಪ್ರಸಿದ್ಧರನ್ನು ತೆಗೆದುಹಾಕಿದರೆ ಅಲ್ಲಿ ಉಳಿಯುವುದು ಅತ್ಯಲ್ಪ. ಆ ಹೆಸರುಗಳು ಮರೆತುಹೋದಂತೆಲ್ಲ ಚಿತ್ರಗಳೂ ಮಂಕಾಗುತ್ತಿವೆ. ಯಾರೂ ತನ್ನನ್ನು ಗಮನಿಸದಿದ್ದಾಗ ಆತ ತೆಗೆದ ಚಿತ್ರಗಳ ಮಾತೇ ಬೇರೆ. ಕಾಲುದಾರಿಯ ಕಸದ ರಾಶಿಯನ್ನು ಆತ ಅಸಹ್ಯದಿಂದಲೂ ನೋಡಿಲ್ಲ, ಕರುಣೆಯನ್ನು ಬಲವಂತವಾಗಿ ತುಂಬಿಕೊಂಡೂ ನೋಡಿಲ್ಲ. ಬೆಳಿಗ್ಗೆ ಬಾಗಿಲು ತೆರೆದವನಿಗೆ ಎದುರುಮನೆ ಕಾಣುವಂತೆ ಅದು ಕಂಡಿದೆ. ಊಟ ಮುಗಿದ ಮೇಜಿನ ಚಿತ್ರದಲ್ಲಿ ಮನುಷ್ಯರಿಲ್ಲ. ಆದರೂ ಎದ್ದು ಹೋದವರು ಎಂಥವರಿದ್ದಿರಬಹುದೆಂದು ಮನಸ್ಸು ಲೆಕ್ಕ ಹಾಕುತ್ತದೆ.

ಫ್ರಾನ್ಸಿನ ಆರಿ ಕಾರ್ಟಿಯೆ-ಬ್ರೆಸೋನ್ ಬೀದಿಯ ಛಾಯಾಗ್ರಹಣಕ್ಕೆ ಒಂದು ಶಾಸ್ತ್ರವನ್ನೇ ಕೊಟ್ಟವನು. 1952ರಲ್ಲಿ ಬಂದ ಅವನ ಪುಸ್ತಕ ಇಂಗ್ಲಿಷಿನಲ್ಲಿ 'ನಿರ್ಣಾಯಕ ಕ್ಷಣ' ಎಂಬರ್ಥದ ಹೆಸರು ಹೊತ್ತಿತು. ಎಲ್ಲವೂ ಕೂಡಿಬರುವ ಒಂದು ಗಳಿಗೆ ಇರುತ್ತದೆ, ಅದಕ್ಕಾಗಿ ಬೇಟೆಗಾರನಂತೆ ಕಾಯಬೇಕು ಎಂಬುದು ಆ ಮಾತಿನಿಂದ ಬಹುಮಂದಿ ಕಲಿತ ಪಾಠ. ವಾರ್ಹೋಲ್ ಕಾಯುವವನಲ್ಲ. ಆತನಿಗೆ ಮಂಗಳವಾರದ ಮೂರು ಗಂಟೆಗೂ ಬುಧವಾರದ ಮೂರು ಗಂಟೆಗೂ ಭೇದವಿಲ್ಲ. ಹೀಗಾಗಿ ಆತನ ಒಂದೇ ಚಿತ್ರವನ್ನು ಗೋಡೆಗೆ ತೂಗುಹಾಕಿ ನೋಡಿದರೆ 'ಇದರಲ್ಲೇನಿದೆ?' ಎನಿಸುವುದು ಸಹಜ. ಹಾಳೆಯನ್ನು ಎಡದಿಂದ ಬಲಕ್ಕೆ, ಸಾಲಿನಿಂದ ಸಾಲಿಗೆ ಓದಬೇಕು. ಆಗ ಅದು ಚಿತ್ರವಾಗದೆ ದಿನಚರಿಯಾಗುತ್ತದೆ. ಅದೇ 1976ರಿಂದ ಆತ ಪ್ರತಿ ಮುಂಜಾನೆ ಹಿಂದಿನ ದಿನದ ವಿವರವನ್ನು, ಟ್ಯಾಕ್ಸಿಗೆ ಕೊಟ್ಟ ಹಣದ ಲೆಕ್ಕವೂ ಸೇರಿದಂತೆ, ಪ್ಯಾಟ್ ಹ್ಯಾಕೆಟ್ ಎಂಬಾಕೆಗೆ ಫೋನಿನಲ್ಲಿ ಹೇಳಿ ಬರೆಸುತ್ತಿದ್ದ. ಕಾಗದಪತ್ರ, ರಸೀದಿ, ಆಮಂತ್ರಣಗಳನ್ನೆಲ್ಲ ಪೆಟ್ಟಿಗೆಗಳಿಗೆ ತುಂಬಿ ಮುಚ್ಚಿಡುತ್ತಿದ್ದ. ಅಂಥ 610 ಪೆಟ್ಟಿಗೆಗಳು ಪಿಟ್ಸ್‌ಬರ್ಗಿನ ವಸ್ತುಸಂಗ್ರಹಾಲಯದಲ್ಲಿವೆ. ಏನೊಂದೂ ಕಳೆದುಹೋಗಬಾರದೆಂಬ ಈ ಹಟ ಎಲ್ಲಿಂದ ಬಂತು?

1968ರ ಜೂನ್ 3ರಂದು ಆತನ ಕಾರ್ಯಾಗಾರದಲ್ಲೇ ಒಬ್ಬಾಕೆ ಆತನ ಮೇಲೆ ಗುಂಡು ಹಾರಿಸಿದಳು. ವೈದ್ಯರು ಕೈಬಿಡುವ ಹಂತದಲ್ಲಿದ್ದ ಜೀವ ಉಳಿಯಿತು. ಅಂದಿನಿಂದ ಕೊನೆಯವರೆಗೂ ಹೊಟ್ಟೆಯನ್ನು ಬಿಗಿದಿಡುವ ಪಟ್ಟಿ ಕಟ್ಟಿಕೊಂಡೇ ಓಡಾಡಬೇಕಾಯಿತು. ಗುಂಪಿನ ನಡುವೆ ಕ್ಯಾಮೆರಾ ಹಿಡಿದು ನಿಂತವನಿಗೆ ಮಾತಾಡುವ ಹೊಣೆಯಿಲ್ಲ. ಯಾರೂ ತೀರಾ ಹತ್ತಿರ ಬರುವುದೂ ಇಲ್ಲ. ಆ ಪುಟ್ಟ ಪೆಟ್ಟಿಗೆ ಆತನಿಗೆ ಕಣ್ಣಾಗಿದ್ದಷ್ಟೇ ಗುರಾಣಿಯೂ ಆಗಿತ್ತೆಂದು ನನಗನಿಸುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕು. ವಾರ್ಹೋಲ್ ಹುಟ್ಟಿದ್ದು 1928ರ ಆಗಸ್ಟ್ 6ರಂದು, ಉಕ್ಕಿನ ಊರಾದ ಪಿಟ್ಸ್‌ಬರ್ಗಿನಲ್ಲಿ. ತಂದೆತಾಯಿ ಇಂದಿನ ಸ್ಲೊವಾಕಿಯಾದ ಮಿಕೊವಾ ಹಳ್ಳಿಯಿಂದ ವಲಸೆ ಬಂದ ರುಸಿನ್ ಜನ, ಬೈಜಾಂಟೈನ್ ವಿಧಿಯ ಕಥೋಲಿಕರು. ಒಂದೇ ವಿಶ್ವಾಸ, ಬೇರೆ ಆರಾಧನಾ ವಿಧಿ ಎಂಬುದು ಸಿರೋ-ಮಲಬಾರ್ ಧರ್ಮಪ್ರಾಂತ್ಯಗಳಿರುವ ನಮ್ಮ ನಾಡಿನವರಿಗೆ ಹೊಸದೇನಲ್ಲ. ಹುಡುಗ ತಾಯಿಯೊಡನೆ ಹೋಗುತ್ತಿದ್ದುದು ಸಂತ ಜಾನ್ ಕ್ರಿಸೋಸ್ತೋಮರ ದೇವಾಲಯಕ್ಕೆ. ಅಲ್ಲಿ ಪೀಠದ ಮುಂದೆ ಸಂತರ ಚಿತ್ರಗಳ ಗೋಡೆಯೊಂದಿದೆ. ಚೌಕದ ಪಕ್ಕ ಚೌಕ, ಮುಖದ ಪಕ್ಕ ಮುಖ. ದೀರ್ಘವಾದ ಪೂಜೆಯುದ್ದಕ್ಕೂ ಬಾಲಕನ ಕಣ್ಣೆದುರಿಗಿದ್ದುದು ಅದೇ. ಎಂಟರ ವಯಸ್ಸಿನಲ್ಲಿ ನರಗಳ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಆತ ಸಿನಿಮಾ ತಾರೆಯರ ಫೋಟೋ ಕೂಡಿಡತೊಡಗಿದ. ತಾಯಿ ಜೂಲಿಯಾ ಖಾಲಿ ಹಣ್ಣಿನ ಡಬ್ಬಿಗಳ ತಗಡು ಕತ್ತರಿಸಿ ಹೂಗಳನ್ನು ಮಾಡಿ ಮಾರುತ್ತಿದ್ದಳು. 1942ರಲ್ಲಿ ತಂದೆ ತೀರಿಕೊಂಡ.

ಸಂತರ ಗೋಡೆಯಿಂದ ಮರ್ಲಿನ್ ಮನ್ರೋಳ ಸಾಲಿಗೆ, ಅಲ್ಲಿಂದ ಕಾಂಟ್ಯಾಕ್ಟ್ ಶೀಟಿನ ಚೌಕಗಳಿಗೆ ನೇರ ಗೆರೆ ಎಳೆಯುವ ವಿಮರ್ಶಕರಿದ್ದಾರೆ. ಜೇನ್ ಡಿಲೆನ್‌ಬರ್ಗರ್ 1998ರಲ್ಲಿ ಆತನ ಧಾರ್ಮಿಕ ಕಲೆಯ ಬಗ್ಗೆಯೇ ಒಂದು ಗ್ರಂಥ ಬರೆದರು. ಆ ಗೆರೆ ಆಕರ್ಷಕವಾದುದು. ನಮ್ಮಂಥವರಿಗೆ ಇನ್ನೂ ಹೆಚ್ಚು ಆಕರ್ಷಕ. ಆದರೆ ಹೆಸರಾಂತ ವ್ಯಕ್ತಿಯೊಬ್ಬ ನಮ್ಮವನೆಂದು ತಿಳಿದೊಡನೆ ಅವನ ಪ್ರತಿ ಕೃತಿಗೂ ಜ್ಞಾನಸ್ನಾನ ಕೊಡಲು ಹೊರಡುವುದು ಸರಿಯಲ್ಲ. ಐಕಾನಿನ ಮುಂದೆ ನಿಂತವನು ಅದರಾಚೆಗೆ ನೋಡುತ್ತಾನೆ. ವಾರ್ಹೋಲನ ಚಿತ್ರ ತನ್ನಾಚೆಗೆ ಏನಿಲ್ಲವೆಂದೇ ಹೇಳುವಂತಿರುತ್ತದೆ. ತೊಳೆದ ಬಟ್ಟೆಯಂತೆ ಒಂದರ ಪಕ್ಕ ಇನ್ನೊಂದನ್ನು ಹರಡಿರುವ ಆ ಹಾಳೆಗಳಲ್ಲಿ ಪ್ರಾರ್ಥನೆಯನ್ನು ನಾನು ಕಾಣಲಾರೆ. ಗಮನವಿಟ್ಟು ನೋಡುವ ಅಭ್ಯಾಸವನ್ನು ಕಾಣುತ್ತೇನೆ. ಅದೂ ಸಣ್ಣ ಸಂಗತಿಯಲ್ಲ.

ಪ್ರಯಾಣದಲ್ಲೂ ಆತ ಹೀಗೆಯೇ. 1982ರಲ್ಲಿ ಹಾಂಗ್‌ಕಾಂಗಿಗೂ ಅಲ್ಲಿಂದ ಬೀಜಿಂಗಿಗೂ ಹೋಗಿಬಂದ. ಹತ್ತು ವರ್ಷದ ಹಿಂದೆ ಮಾವೋನ ಮುಖವನ್ನು ಬಣ್ಣಬಣ್ಣದಲ್ಲಿ ಚಿತ್ರಿಸಿದ್ದವನು ಈಗ ಆ ಮುಖದ ಊರಿನಲ್ಲೇ ನಿಂತಿದ್ದ. ಪ್ರವಾಸಿ ಹುಡುಕುವ ವೈಭವಕ್ಕಿಂತ, ಎಲ್ಲರೂ ಒಂದೇ ಬಗೆಯ ನೀಲಿ ಬಟ್ಟೆ ತೊಟ್ಟಿರುವುದೇ ಆತನಿಗೆ ಹಿಡಿಸಿತಂತೆ. ತನ್ನ ಡಬ್ಬಿಗಳ ಸಾಲು ಜೀವ ತಳೆದು ನಡೆದಾಡುವಂತೆ ಕಂಡಿತೇನೋ. ಆ ಸಮವಸ್ತ್ರದ ಹಿಂದೆ ಜನ ಏನೇನು ಸಹಿಸಿದ್ದರೆಂಬ ಪ್ರಶ್ನೆ ಆತನನ್ನು ಕಾಡಿದಂತಿಲ್ಲ. ಮೇಲ್ಮೈಯನ್ನು ಅಷ್ಟು ಪ್ರೀತಿಸುವವನ ಕಣ್ಣಿಗೆ ತಪ್ಪಿಹೋಗುವುದು ಇಂಥದ್ದು.

ಅದೇ ಪ್ರಶ್ನೆ 'ಅಮೆರಿಕ' ಎಂಬ 1985ರ ಪುಸ್ತಕದಲ್ಲಿ ಇನ್ನಷ್ಟು ಕಟುವಾಗಿ ಏಳುತ್ತದೆ. ಸಿರಿವಂತರ ಕೂಟಗಳಿರುವ ಅದೇ ಪುಸ್ತಕದಲ್ಲಿ ಬೀದಿಯಲ್ಲೇ ಬದುಕುವವರ ಚಿತ್ರಗಳೂ ಇವೆ. ಎಲ್ಲರನ್ನೂ ಒಂದೇ ಅಳತೆಯ ಚೌಕದಲ್ಲಿಡುವುದು ಸಮಾನತೆಯೇ, ಇಲ್ಲವೇ ಉದಾಸೀನವೇ? ಗಾಯಕಿ ಕ್ಯಾಮೆರಾ ಕಂಡು ಮುಖ ತಿರುಗಿಸಬಲ್ಲಳು. ನಿದ್ರಿಸುತ್ತಿರುವ ಬಡವ ಅದನ್ನೂ ಮಾಡಲಾರ. ಅವನಿಂದ ಕೇಳದೆ ಪಡೆದ ಚಿತ್ರವದು. ಕಲೆಯ ಹೆಸರಿನಲ್ಲಿ ಇದನ್ನು ಸುಲಭವಾಗಿ ಮನ್ನಿಸಿಬಿಡಲು ನನಗೆ ಮನಸ್ಸಾಗದು. (ಧರ್ಮಕೇಂದ್ರದಲ್ಲಿ ಅಕ್ಕಿಯ ಚೀಲ ಹಂಚುವಾಗ, ಪಡೆಯುವ ತಾಯಿಯ ಮುಖ ಫೋಟೋಕ್ಕೆ ಸರಿಯಾಗಿ ಬೀಳುವವರೆಗೂ ಚೀಲದ ಇನ್ನೊಂದು ತುದಿಯನ್ನು ಬಿಡದೆ ಹಿಡಿದುಕೊಳ್ಳುವ ನಾವು ಈ ಮಾತನ್ನು ತುಸು ಮೆಲ್ಲಗೆ ಆಡುವುದು ಒಳಿತು.)

ಇದರ ಎದುರಿಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ವಾರ್ಹೋಲ್ ತೀರಿಕೊಂಡ ಮೇಲೆ, 1987ರ ಏಪ್ರಿಲ್ 1ರಂದು, ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಸ್ಮರಣಾರ್ಥ ಆರಾಧನೆ ನಡೆಯಿತು. ಕಲಾ ಇತಿಹಾಸಕಾರ ಜಾನ್ ರಿಚರ್ಡ್‌ಸನ್ ಅಲ್ಲಿ ಮಾತಾಡಿ, ನೆರೆದವರಲ್ಲಿ ಬಹುಮಂದಿಗೆ ಗೊತ್ತಿರದ ವಿಷಯಗಳನ್ನು ತಿಳಿಸಿದರು. ಆತ ಆಗಾಗ ದೇವಾಲಯಕ್ಕೆ ಹೋಗುತ್ತಿದ್ದ. ಸೋದರನ ಮಗನೊಬ್ಬನ ಗುರುತ್ವದ ಅಭ್ಯಾಸಕ್ಕೆ ಹಣ ಕೊಟ್ಟಿದ್ದ. ಮನೆಯಿಲ್ಲದವರಿಗೆ ಊಟ ಬಡಿಸುತ್ತಿದ್ದ. ಲೆಕ್ಸಿಂಗ್‌ಟನ್ ಅವೆನ್ಯೂವಿನ ಸಂತ ವಿನ್ಸೆಂಟ್ ಫೆರರ್ ದೇವಾಲಯದ ಹಿಂಭಾಗದಲ್ಲಿ ಯಾರ ಕಣ್ಣಿಗೂ ಬೀಳದಂತೆ ಮೊಣಕಾಲೂರುತ್ತಿದ್ದುದನ್ನು ಕಂಡವರಿದ್ದಾರೆ. ಹಬ್ಬದ ದಿನಗಳಲ್ಲಿ 'ಹೆವನ್ಲಿ ರೆಸ್ಟ್' ಎಂಬ ಎಪಿಸ್ಕೋಪಲ್ ದೇವಾಲಯದ ಅನ್ನಶಾಲೆಯಲ್ಲಿ ಬಡಿಸಿ, ಕಾಫಿ ಸುರಿದು, ಮೇಜು ಒರೆಸುತ್ತಿದ್ದ. ಕಸದ ಚೀಲವನ್ನೂ ಬಿಡದೆ ಜಗತ್ತಿನ ಮುಂದಿಟ್ಟವನು ಇದನ್ನು ಪ್ರದರ್ಶನಕ್ಕೆ ತರಲಿಲ್ಲ. ಆತನ ಪುಸ್ತಕಗಳಲ್ಲಿರುವ ಬಡವನ ಚಿತ್ರ ಮತ್ತು ಆ ಅನ್ನಶಾಲೆಯ ತಟ್ಟೆ, ಎರಡೂ ಒಂದೇ ಕೈಯವು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಆತನ ಚಿತ್ರಗಳನ್ನು ಈಗ ನೋಡುವಾಗ ನನಗೆ ಎರಡೂ ಒಟ್ಟಿಗೆ ನೆನಪಾಗುತ್ತವೆ.

1987ರ ಜನವರಿಯಲ್ಲಿ ನ್ಯೂಯಾರ್ಕಿನ ರಾಬರ್ಟ್ ಮಿಲ್ಲರ್ ಗ್ಯಾಲರಿಯಲ್ಲಿ ವಾರ್ಹೋಲನ ಛಾಯಾಚಿತ್ರಗಳ ಪ್ರದರ್ಶನವಾಯಿತು. ಒಂದೇ ಚಿತ್ರದ ನಾಲ್ಕಾರು ಪ್ರತಿಗಳನ್ನು ಹೊಲಿಗೆ ಯಂತ್ರದಲ್ಲಿ ಅಂಚಿಗಂಚು ಸೇರಿಸಿ ಹೊಲಿಸಿ ತೂಗುಹಾಕಲಾಗಿತ್ತು. ಹೊಲಿಗೆ ಮುಗಿದ ಕಡೆ ದಾರದ ತುದಿಗಳನ್ನು ಕತ್ತರಿಸದೆ ಹಾಗೇ ಇಳಿಬಿಟ್ಟಿದ್ದರು. ಆತನ ಛಾಯಾಚಿತ್ರಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದವು ಇವೇ. ಕ್ಷಣದಲ್ಲಿ ಸರಿದುಹೋದ ನೋಟವೊಂದನ್ನು ಹರಿದ ಅಂಗಿಯನ್ನು ಹೊಲಿಯುವಷ್ಟು ಸಾಮಾನ್ಯವಾದ ಕೆಲಸದಿಂದ ನಿಲ್ಲಿಸಿಕೊಳ್ಳುವ ಪ್ರಯತ್ನ ಅಲ್ಲಿದೆ. ಯಂತ್ರವಾಗಬೇಕೆಂದು ಹಂಬಲಿಸಿದ ಕಲಾವಿದನ ಕೃತಿಯಲ್ಲಿ ಮನೆಯ ಮೂಲೆಯ ಹೊಲಿಗೆಯ ಸದ್ದು ಕೇಳುತ್ತದೆ. ಅದೇ ತಿಂಗಳ 22ರಂದು ಮಿಲಾನಿನಲ್ಲಿ, ಲಿಯೊನಾರ್ಡೊನ ಮೂಲ ಭಿತ್ತಿಚಿತ್ರವಿರುವ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆಯ ಎದುರಿನ ಕಟ್ಟಡದಲ್ಲಿ, ವಾರ್ಹೋಲನ 'ಕಡೆಯ ಭೋಜನ' ಚಿತ್ರಮಾಲೆಯೂ ತೆರೆದುಕೊಂಡಿತು. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರವರಿ 22ರಂದು, ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಮರುದಿನ ಆತ ತೀರಿಕೊಂಡ. ವಯಸ್ಸು 58.

ಸಮಾಧಿ ಇರುವುದು ನ್ಯೂಯಾರ್ಕಿನಲ್ಲಲ್ಲ. ಪಿಟ್ಸ್‌ಬರ್ಗಿನ ಹೊರವಲಯದ ಬೆಥೆಲ್ ಪಾರ್ಕಿನ ಬೈಜಾಂಟೈನ್ ಕಥೋಲಿಕ ಸ್ಮಶಾನದಲ್ಲಿ, ತಂದೆತಾಯಿಯ ಹತ್ತಿರ. 2013ರ ಆಗಸ್ಟ್ 6ರಂದು, ಆತನ 85ನೇ ಹುಟ್ಟುಹಬ್ಬಕ್ಕೆ, ಪಿಟ್ಸ್‌ಬರ್ಗಿನ ವಸ್ತುಸಂಗ್ರಹಾಲಯದವರು ಆ ಸಮಾಧಿಯತ್ತ ಒಂದು ಕ್ಯಾಮೆರಾ ತಿರುಗಿಸಿ ನಿಲ್ಲಿಸಿದರು. ಹಗಲೂ ರಾತ್ರಿಯೂ ಅಲ್ಲಿ ನಡೆಯುವುದನ್ನು ಅದು ಅಂತರ್ಜಾಲದಲ್ಲಿ ತೋರಿಸಿತು. ಇನ್ನೊಂದನ್ನು ಆತ ಜ್ಞಾನಸ್ನಾನ ಪಡೆದ ದೇವಾಲಯದಲ್ಲಿ ಇಟ್ಟರು. ಸಮಾಧಿಯ ಮೇಲೆ ಬಂದವರು ಬಿಟ್ಟುಹೋದ ಸೂಪಿನ ಡಬ್ಬಿಗಳು ಕಾಣುತ್ತಿದ್ದವು. ಯಾರೂ ಬಾರದ ಹೊತ್ತಿನಲ್ಲಿ ಹುಲ್ಲು, ಹಿಮ, ಹಿಂದೆ ತಂದೆತಾಯಿಯ ಕಲ್ಲು.