ಕಳ್ಳರಿಗೆ ಯಾರನ್ನು ಕೊಡುವುದು?

ಕಂಪಲಾಪುರದಿಂದ ಮಡಿಕೇರಿ ರಸ್ತೆ ಹಿಡಿದು ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. ನಮ್ಡ್ರೋಲಿಂಗ್ ಮಠದ ಹೊನ್ನಬಣ್ಣದ ಬುದ್ಧನ ಮುಂದೆ ಫೋಟೊ ತೆಗೆದುಕೊಂಡು, ಮೊಮೊ ತಿಂದು ಹೊರಡುವವರೇ ಹೆಚ್ಚು. ಟಿಬೆಟಿಯನ್ ಪರಂಪರೆಯ ‘ಟೊಂಗ್ಲೆನ್’ ಧ್ಯಾನದ ಬಗ್ಗೆ ವಿಚಾರಿಸುವವರು ಕಡಿಮೆ. ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬರ ಸಂಕಟ ತನ್ನೊಳಗೆ ಬಂದಂತೆ, ಬಿಡುವಾಗ ತನ್ನ ಸುಖ ಅವರಿಗೆ ಹೋದಂತೆ ಭಾವಿಸುವುದು ಅದರ ಕ್ರಮ. 12ನೇ ಶತಮಾನದ ಗುರು ಚೆಕಾವಾ ಯೆಶೆ ದೋರ್ಜೆ ಇದಕ್ಕೊಂದು ಷರತ್ತು ಹಾಕಿದ್ದಾನೆ: ಶುರು ತನ್ನಿಂದಲೇ ಆಗಬೇಕು.

ಇದು ಸ್ವಾರ್ಥವಲ್ಲವೇ? 5ನೇ ಶತಮಾನದಲ್ಲಿ ಸಿಂಹಳದಲ್ಲಿ ಕೂತು ‘ವಿಸುದ್ಧಿಮಗ್ಗ’ ಬರೆದ ಬುದ್ಧಘೋಷ ಇದಕ್ಕೆ ಕಟುವಾದ ಉತ್ತರ ಕೊಟ್ಟಿದ್ದಾನೆ. ಸಾಧಕ, ಅವನ ಪ್ರಿಯ, ಅವನಿಗೆ ಬೇಕೂ ಬೇಡವೂ ಅಲ್ಲದವ, ಅವನ ಹಗೆ, ಹೀಗೆ ನಾಲ್ವರು ಕೂತಿದ್ದಾರೆ. ಕಳ್ಳರು ಬಂದು ಬಲಿಗೆ ಒಬ್ಬನನ್ನು ಕೇಳುತ್ತಾರೆ. ಹಗೆಯನ್ನು ತೋರಿಸಿದರೆ ಸಾಧಕ ಸೋತ, ಸರಿ. ಆದರೆ ‘ನನ್ನನ್ನೇ ಒಯ್ಯಿರಿ’ ಎಂದರೂ ಸೋತಂತೆಯೇ, ತಾನೂ ಆ ನಾಲ್ವರಲ್ಲಿ ಒಬ್ಬನಲ್ಲವೇ! ಪುಣ್ಯಕೋಟಿಯ ಕಥೆ ಕೇಳಿ ಕಣ್ಣೀರಿಟ್ಟು ಬೆಳೆದ ನಮಗೆ ಇದು ಸುಲಭಕ್ಕೆ ಗಂಟಲಲ್ಲಿ ಇಳಿಯದು. (ಆ ಹಾಡಿನಲ್ಲಿ ಕೊನೆಗೆ ಹುಲಿಯೂ ಪ್ರಾಣ ಬಿಡುತ್ತದೆ, ಯಾರಾದರೂ ಸಾಯಲೇಬೇಕು ನಮಗೆ.)

ಈ ಸೀಮೆಯಲ್ಲಿ ಹೊಗೆಸೊಪ್ಪು ಹದ ಮಾಡುವ ದಿನಗಳನ್ನು ನೋಡಿ. ಎಲೆ ಒಣಗಿಸುವ ಬ್ಯಾರನ್ನಿನ ಉರಿ ಏರುಪೇರಾಗದಂತೆ ರಾತ್ರಿಯಿಡೀ ಕಾಯಬೇಕು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವ ಹೆಂಗಸರ ಅಂಗೈಯೆಲ್ಲ ಕಪ್ಪು ಅಂಟು, ತಲೆಸುತ್ತು, ಹೊಟ್ಟೆ ತೊಳಸು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವವರೂ ಅವರೇ. ತಾಯಿಕರುಳು ಎಂದು ಹೊಗಳಿ ನಾವು ಕೈತೊಳೆದುಕೊಳ್ಳುತ್ತೇವೆ. ಬುದ್ಧಘೋಷನ ಲೆಕ್ಕದಲ್ಲಿ ಅದು ಅವರನ್ನೇ ಕಳ್ಳರಿಗೆ ಒಪ್ಪಿಸಿದಂತೆ.

ಹಾಗೆಂದು ಧ್ಯಾನಕ್ಕೆ ಪೂರ್ತಿ ಅಂಕ ಕೊಡಲಾರೆ. ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲ್‌ಗೆ ದರ ಸಿಗದಿದ್ದರೆ, ಎಷ್ಟು ಉಸಿರು ಎಳೆದು ಬಿಟ್ಟರೂ ಸಾಲ ತೀರುವುದಿಲ್ಲ. ಇನ್ನು ನಗರದ ಶಿಬಿರಗಳಲ್ಲಿ ‘ಮೊದಲು ನಿನ್ನನ್ನು ಪ್ರೀತಿಸಿಕೋ’ ಎಂಬ ಕಾಲುಪಾಲು ಪಾಠಕ್ಕೇ ಶುಲ್ಕ. ಉಳಿದ ಮೂವರ ಸುದ್ದಿಯೇ ಇಲ್ಲ. ಕರುಣೆ ನೆಲಕ್ಕಿಳಿದದ್ದು ಹೇಗೆಂದು ತಿಳಿಯಲು ಬೈಲಕುಪ್ಪೆಯ ಜಮೀನನ್ನೇ ನೋಡಬೇಕು. 1959ರ ನಂತರ ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ಅವರು ಕಾಡು ಸವರಿ ಮುಸುಕಿನ ಜೋಳ ಬೆಳೆದರು.

ಅಭ್ಯಾಸ ಒಳ್ಳೆಯದೇ, ನಾಲ್ವರನ್ನೂ ಒಂದೇ ಸಾಲಿನಲ್ಲಿ ಕೂರಿಸಿಕೊಂಡರೆ. ಶಿಬಿರಕ್ಕೆ ದುಡ್ಡು ಕಟ್ಟುವ ಮುಂಚೆ, ಈ ಸಲ ಬ್ಯಾರನ್ ಹೊತ್ತಿದಾಗ ಮನೆಯ ಹೆಂಗಸರಿಗೆ ಮೊದಲ ಪಂಕ್ತಿಯಲ್ಲಿ ಬಡಿಸಿ ನೋಡಿ.